ಹಳೆ ಕಾರಿನ ಎಸಿಗೆ ಗ್ಯಾಸ್ ತುಂಬಿಸಿದರೆ ಸಾಕಾ?

ಪ್ರಶ್ನೆ: ನನ್ನ ಕಾರು 1993ರದ್ದು. ಹೋದ ವರ್ಷ ತಾನೇ ಗ್ಯಾಸ್ ತುಂಬಿಸಿದ್ದೆ, ಈಗ ಮತ್ತೆ ಬರೀ ಬಿಸಿಗಾಳಿ. ಕಂಪ್ರೆಸರ್ ಟಕ್ ಅಂತ ಆನ್ ಆಗಿ ಎರಡೇ ಸೆಕೆಂಡಿಗೆ ಆಫ್ ಆಗುತ್ತದೆ. ಒಂದು ಕ್ಯಾನ್ ತಂದು ನಾನೇ ತುಂಬಿಸಿಬಿಡಲಾ?

ಉತ್ತರ 1: ಗ್ಯಾಸ್ ಕಡಿಮೆಯಾದಾಗ ಹೀಗಾಗುವುದು ಮಾಮೂಲಿ. ಆದರೆ ಅದು ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ, ಒಂದೇ ವರ್ಷಕ್ಕೆ ಖಾಲಿ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಓ-ರಿಂಗ್ (ಪೈಪ್ ಜೋಡಣೆಯ ರಬ್ಬರ್ ಬಳೆ), ಕಂಡೆನ್ಸರ್ (ಮುಂದೆ ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ), ಕಂಪ್ರೆಸರಿನ ಶಾಫ್ಟ್ ಸೀಲ್ ನೋಡಿಸಿ. ಸೋರುವ ಕಡೆ ಸಾಮಾನ್ಯವಾಗಿ ಎಣ್ಣೆ ಜಿಡ್ಡು ಕಾಣುತ್ತದೆ.

ಉತ್ತರ 2: 1993 ಅಂದಿರಲ್ಲ, ಬಾನೆಟ್ ಕೆಳಗಿನ ಸ್ಟಿಕರ್ ನೋಡಿದಿರಾ? ಯಾವ ಗ್ಯಾಸ್ ಅಂತ ಅದರಲ್ಲಿರುತ್ತದೆ. ಆ ಕಾಲದ ಎಷ್ಟೋ ಕಾರುಗಳಲ್ಲಿ ಇದ್ದದ್ದು ಆರ್-12 ಅನ್ನೋ ಗ್ಯಾಸ್, ಆಮೇಲೆ ಬಂದದ್ದು ಆರ್-134ಎ. ಎರಡನ್ನೂ ಬೆರೆಸಲೇಬೇಡಿ. ಆರ್-12 ಜೊತೆ ಕಂಪ್ರೆಸರಿಗೆ ಜಿಡ್ಡಾಗಿ ಹಾಕುವ ಮಿನರಲ್ ಆಯಿಲ್ 134ಎ ಜೊತೆ ಬೆರೆಯುವುದಿಲ್ಲ, ಆಯಿಲ್ ಕಂಪ್ರೆಸರಿಗೆ ವಾಪಸ್ ಬರದೆ ಅದು ಜಾಮ್ ಆಗಬಹುದು.

ಪ್ರಶ್ನೆ ಕೇಳಿದವರು: ನೋಡಿದೆ, ಹಿಂದೆ ಯಾರೋ 134ಎಗೆ ಬದಲಾಯಿಸಿದ್ದಾರೆ.

ಉತ್ತರ 1: ಸದ್ಯ! ಹಾಗಾದರೆ ಸೋರಿಕೆ ಸರಿ ಮಾಡಿಸಿ, ಡ್ರೈಯರ್ (ಎಸಿಯೊಳಗಿನ ತೇವ ಹೀರುವ ಡಬ್ಬಿ) ಬದಲಿಸಿ, ಅರ್ಧ ಗಂಟೆಯಾದರೂ ಪಂಪಿನಿಂದ ವ್ಯಾಕ್ಯೂಮ್ ಎಳೆದು ಒಳಗಿನ ತೇವ ತೆಗೆಸಿ, ಆಮೇಲೆ ತೂಕ ನೋಡಿಯೇ ತುಂಬಿಸಿ. ಜಾಸ್ತಿ ತುಂಬಿದರೂ ತಣ್ಣಗಾಗುವುದಿಲ್ಲ, ಅಲ್ವಾ? ಈಗ ಎಸಿಯೊಳಗೆ ಉಳಿದಿರೋ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡಬೇಡಿ.