ಮ್ಯಾಪ್ ಸೆನ್ಸರ್ ಹೊಸದು ಹಾಕಿದ್ರೂ ಪಿ0106 ಕೋಡ್ ಹೋಗ್ತಿಲ್ಲ, ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತೆ

ನಾಲ್ಕುಚಕ್ರ:
ನಮಸ್ಕಾರ ಎಲ್ಲರಿಗೂ. ನನ್ನದು ಪೆಟ್ರೋಲ್ ಗಾಡಿ, ಟರ್ಬೋ ಇಲ್ಲ. ಸ್ವಲ್ಪ ದಿನದಿಂದ ಚೆಕ್ ಇಂಜಿನ್ ಲೈಟ್ ಉರೀತಿದೆ, ನಿಂತಲ್ಲೇ ಇದ್ರೆ ಗಾಡಿ ನಡುಗುತ್ತೆ, ಒಂದೊಂದ್ಸಲ ಆಫೇ ಆಗ್ಬಿಡುತ್ತೆ, ಸೈಲೆನ್ಸರಲ್ಲಿ ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬೇರೆ, ಮೈಲೇಜ್ ಬಗ್ಗೆ ಕೇಳ್ಲೇಬೇಡಿ. ಆದ್ರೆ ಸ್ಪೀಡಲ್ಲಿ ಹೋಗ್ವಾಗ ಏನೂ ಗೊತ್ತಾಗಲ್ಲ, ಚೆನ್ನಾಗೇ ಓಡುತ್ತೆ. ಸ್ಕ್ಯಾನರ್ ಹಾಕಿದ್ರೆ ಪಿ0106. ಮೆಕ್ಯಾನಿಕ್ ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಗಾಳಿ ಹೋಗೋ ಮ್ಯಾನಿಫೋಲ್ಡ್ ಒಳಗಿನ ಪ್ರೆಶರ್ ಅಳೆಯೋದು) ಹೋಗಿದೆ ಅಂತ ಹೊಸದು ಹಾಕಿದ್ರು, ಕೋಡ್ ಅಳಿಸಿದ್ರು, ಎರಡು ದಿನಕ್ಕೆ ಮತ್ತೆ ಅದೇ ಕೋಡ್. ಈಗ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಹೋಗಿರ್ಬಹುದು ಅಂತಿದಾರೆ. ಅಷ್ಟು ದೂರ ಹೋಗೋ ಮುಂಚೆ ಮನೇಲೇ ಏನಾದ್ರೂ ಚೆಕ್ ಮಾಡ್ಬಹುದಾ? ಮಲ್ಟಿಮೀಟರ್ ಇದೆ, ಫೋನಿಗೆ ಕನೆಕ್ಟ್ ಆಗೋ ಬ್ಲೂಟೂತ್ ಸ್ಕ್ಯಾನರೂ ಇದೆ.

ಮೀಟರ್_ಮಾಮ:
ಇಸಿಯು ಮಾತು ಸದ್ಯಕ್ಕೆ ಬಿಡಿ ಸರ್. ಪಿ0106 ಅಂದ್ರೆ ಸೆನ್ಸರ್ ಸತ್ತಿದೆ ಅಂತಲ್ಲ, ಅದು ಹೇಳ್ತಿರೋ ಪ್ರೆಶರ್ರಿಗೂ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲು), ಆರ್‌ಪಿಎಂ ಇರೋದಕ್ಕೂ ತಾಳೆ ಆಗ್ತಿಲ್ಲ ಅಂತ. ವೈರ್ ಕಟ್ ಆಗಿದ್ರೆ, ಶಾರ್ಟ್ ಆಗಿದ್ರೆ ಸಾಮಾನ್ಯವಾಗಿ ಪಿ0107 ಇಲ್ಲ ಪಿ0108 ಬರುತ್ತೆ, ಮೊದಲನೇದು ವೋಲ್ಟೇಜ್ ತೀರಾ ಕಮ್ಮಿ ಅಂತ, ಎರಡನೇದು ತೀರಾ ಜಾಸ್ತಿ ಅಂತ.

ಮೊದ್ಲು ಒಂದು ಕೆಲಸ ಮಾಡಿ, ಇದಕ್ಕೆ ಬಿಚ್ಚೋದೇನೂ ಬೇಡ. ಇಂಜಿನ್ ಸ್ಟಾರ್ಟ್ ಮಾಡ್ದೆ ಬರೀ ಕೀ ಆನ್ ಮಾಡಿ ಸ್ಕ್ಯಾನರಲ್ಲಿ ಮ್ಯಾಪ್ ರೀಡಿಂಗ್ ನೋಡಿ. ಆಗ ಮ್ಯಾನಿಫೋಲ್ಡ್ ಒಳಗೂ ಹೊರಗೂ ಒಂದೇ ಗಾಳಿ, ಸಮುದ್ರ ಮಟ್ಟದ ಹತ್ರ ಇದ್ರೆ 100 ಕಿಲೋಪಾಸ್ಕಲ್ ಆಸುಪಾಸು ತೋರಿಸ್ಬೇಕು, ಎತ್ತರದ ಜಾಗ ಆದ್ರೆ ಕಮ್ಮಿ, ಸುಮಾರು 900 ಮೀಟರ್ ಎತ್ತರದಲ್ಲಿ 90ರ ಹತ್ರ. ಅದಕ್ಕೆ ತಾಳೆ ಆಗ್ದೆ ಇದ್ರೆ ಸೆನ್ಸರ್ ಇಲ್ಲ ವೈರಿಂಗ್. ಆಮೇಲೆ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿ ಆದ್ಮೇಲೆ ಎಸಿ ಆಫ್ ಮಾಡಿ ಐಡ್ಲಿಂಗ್‌ನಲ್ಲಿ ನೋಡಿ, 30ರಿಂದ 40 ಒಳಗೆ ಇದ್ರೆ ಆರೋಗ್ಯ. ಎರಡೂ ನಂಬರ್ ಇಲ್ಲಿ ಹಾಕಿ, ಜೊತೆಗೆ ಫ್ಯೂಯಲ್ ಟ್ರಿಮ್ಮೂ (ಇಸಿಯು ಪೆಟ್ರೋಲನ್ನ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಜಾಸ್ತಿ ಇಲ್ಲ ಕಮ್ಮಿ ಮಾಡ್ತಿದೆ ಅನ್ನೋದು) ಹಾಕಿ.

ಮಲ್ಟಿಮೀಟರ್ ಇದ್ಯಲ್ಲ, ಕನೆಕ್ಟರ್ ಹಿಂದಿನಿಂದ ಚುಚ್ಚಿ ನೋಡಿ: ಒಂದು ವೈರಲ್ಲಿ 5 ವೋಲ್ಟ್ ಬರ್ಬೇಕು, ಒಂದು ಗ್ರೌಂಡು, ಒಂದು ಸಿಗ್ನಲ್ಲು. ನಾಲ್ಕು ವೈರ್ ಇದ್ರೆ ಗಾಬರಿ ಬೇಡ, ಗಾಳಿ ಟೆಂಪರೇಚರ್ ಸೆನ್ಸರೂ ಅದ್ರೊಳಗೇ ಇದೆ ಅಂತ. 5 ವೋಲ್ಟ್ ಬರ್ತಿಲ್ಲ ಅಂದ್ರೂ ಇಸಿಯು ಮೇಲೆ ಹಾಕ್ಬೇಡಿ, ಬಹಳ ಗಾಡೀಲಿ ಆ 5 ವೋಲ್ಟ್ ಬೇರೆ ಸೆನ್ಸರ್‌ಗಳಿಗೂ ಹಂಚಿರುತ್ತೆ, ಇನ್ಯಾವುದೋ ಸೆನ್ಸರ್ ಶಾರ್ಟ್ ಆಗಿ ಇದನ್ನೂ ಎಳ್ಕೊಂಡು ಬಿದ್ದಿರುತ್ತೆ.

ಸುಮ್ನೆ_ಓಡ್ಸು:
ಹೊಸ ಸೆನ್ಸರ್ ಅಂತ ಡೂಪ್ಲಿಕೇಟ್ ಹಾಕಿರ್ತಾರೆ ಗುರು, ಒರಿಜಿನಲ್ ತಗೊಂಡು ಹಾಕ್ಸಿ ಅಷ್ಟೇ.

ಮೀಟರ್_ಮಾಮ:
ಇರ್ಬಹುದು, ಆದ್ರೆ ನಂಬರ್ ನೋಡ್ದೆ ಮೂರನೇ ಸೆನ್ಸರ್ ಯಾಕೆ ತಗೋಬೇಕು?

ನಾಲ್ಕುಚಕ್ರ:
ಥ್ಯಾಂಕ್ಸ್ ಸರ್. ಕೀ ಆನ್ ಅಲ್ಲಿ 98, ಐಡ್ಲಿಂಗ್‌ನಲ್ಲಿ 62, ಒಂಚೂರು ಆಚೀಚೆ ಆಡ್ತಿರುತ್ತೆ. 5 ವೋಲ್ಟ್ ಬರ್ತಿದೆ, ಗ್ರೌಂಡ್ ಸರಿ ಇದೆ. ಲಾಂಗ್ ಟರ್ಮ್ ಟ್ರಿಮ್ ಮೈನಸ್ 18. ಹಳೇ ಸೆನ್ಸರ್ ಎಸೆದಿರ್ಲಿಲ್ಲ, ಅದನ್ನೂ ಹಾಕಿ ನೋಡ್ದೆ, ಹೆಚ್ಚುಕಮ್ಮಿ ಅದೇ ನಂಬರ್. ಪೈಪಲ್ಲಿ ಎಲ್ಲೋ ಏರ್ ಲೀಕ್ ಇರ್ಬಹುದಾ?

ಕರಿ_ಗ್ರೀಸು:
ಹಳೇದು ಹೊಸದು ಎರಡೂ ಒಂದೇ ಸುಳ್ಳು ಹೇಳೋದು ಕಷ್ಟ ಕಣ್ರೀ. ಆದ್ರೂ ಖಚಿತ ಮಾಡ್ಕೋಬೇಕು ಅಂದ್ರೆ ಮುಳ್ಳಿರೋ ವ್ಯಾಕ್ಯೂಮ್ ಗೇಜ್ ಒಂದನ್ನ ಮ್ಯಾನಿಫೋಲ್ಡಿಗೆ ಸಿಕ್ಸಿ. ನಿಮ್ಮ ಲೆಕ್ಕದಲ್ಲಿ 98ರಲ್ಲಿ 62 ಕಳೆದ್ರೆ 36 ಕಿಲೋಪಾಸ್ಕಲ್, ಅಂದ್ರೆ ಗೇಜಲ್ಲಿ ಹತ್ತೂವರೆ ಇಂಚ್ (ಪಾದರಸದ ಲೆಕ್ಕದಲ್ಲಿ) ಹತ್ರ ಬರ್ಬೇಕು. ಅಷ್ಟೇ ಬಂತು ಅಂದ್ರೆ ಸೆನ್ಸರ್ ನಿಜಾನೇ ಹೇಳ್ತಿದೆ, ಇಂಜಿನ್ನೇ ಸರಿಯಾಗಿ ಎಳೀತಿಲ್ಲ ಅಂತ ಆಯ್ತು. ಬದಲಿಗೆ ಗೇಜಲ್ಲಿ 18 ಇಂಚ್ ತೋರಿಸಿ ಸ್ಕ್ಯಾನರಲ್ಲಿ 62 ಅಂತಿದ್ರೆ, ಆಗ ಸೆನ್ಸರ್ ಬೈರಿ, ಇಲ್ಲ ಅದರ ತೂತಲ್ಲಿ ಮಸಿ ಕಟ್ಟಿದ್ಯಾ, ಪೈಪ್ ಸೀಳಿದ್ಯಾ ನೋಡಿ. (ಆ ತೂತಿಗೆ ಪಿನ್ ಹಾಕಿ ಕೆರೆಯೋರು ಇದಾರೆ, ದಯವಿಟ್ಟು ಬೇಡ, ಒಳಗಿನ ಡಯಾಫ್ರಂ ಬಹಳ ತೆಳು.)

ಏರ್ ಲೀಕ್ ನನಗೆ ಅನ್ಸಲ್ಲ. ನಿಮ್ಮ ಥರ ಬರೀ ಮ್ಯಾಪ್ ನಂಬಿ ಪೆಟ್ರೋಲ್ ಹಾಕೋ ಇಂಜಿನ್ನಲ್ಲಿ ಗಾಳಿ ಕಳ್ಳದಾರೀಲಿ ಬಂದ್ರೆ ಪ್ರೆಶರ್ ಏರುತ್ತೆ, ಇಸಿಯು ಅದಕ್ಕೆ ತಕ್ಕಂತೆ ಪೆಟ್ರೋಲ್ ಜಾಸ್ತಿ ಮಾಡುತ್ತೆ, ಐಡ್ಲಿಂಗ್ ಸ್ಪೀಡ್ ಏರುತ್ತೆ, ಟ್ರಿಮ್ ಇಷ್ಟು ಮೈನಸ್ ಹೋಗಲ್ಲ. ಮೈನಸ್ 18 ಅಂದ್ರೆ ಮ್ಯಾನಿಫೋಲ್ಡಲ್ಲಿ ಪ್ರೆಶರ್ ಇದೆ ಆದ್ರೆ ಅದು ಉರಿಯೋ ಗಾಳಿ ಅಲ್ಲ! ಇಸಿಯು ಅದನ್ನ ಒಳ್ಳೇ ಗಾಳಿ ಅಂದ್ಕೊಂಡು ಪೆಟ್ರೋಲ್ ಸುರೀತಿದೆ, ಕೊನೆಗೆ ಆಕ್ಸಿಜನ್ ಸೆನ್ಸರ್ ಸಾಕು ಮಾರಾಯ ಅಂತ ಕಮ್ಮಿ ಮಾಡಿಸ್ತಿದೆ. ಹಾಗೆ ಆಗೋದು ಇಜಿಆರ್ ವಾಲ್ವ್ (ಇಂಜಿನ್ ಹೊಗೇನ ಸ್ವಲ್ಪ ವಾಪಸ್ ಒಳಗೆ ಬಿಡೋದು) ಮಸಿ ಕಟ್ಟಿ ಅರ್ಧ ತೆರ್ಕೊಂಡೇ ಕೂತ್ರೆ. ಸೈಲೆನ್ಸರ್ ಕಡೆ ಹೋಗ್ಬೇಕಾದ ಹೊಗೆ ಐಡ್ಲಿಂಗಲ್ಲೂ ಒಳಗೆ ಬರುತ್ತೆ. ಸ್ಪೀಡಲ್ಲಿ ಗೊತ್ತಾಗಲ್ಲ ಅಂದ್ರಲ್ಲ, ಅದೂ ಹೊಂದುತ್ತೆ, ಥ್ರಾಟಲ್ ತೆರೆದಾಗ ಗಾಳಿ ತುಂಬಾ ಬರುತ್ತೆ, ಅಷ್ಟು ಹೊಗೆ ಲೆಕ್ಕಕ್ಕಿಲ್ಲ.

ಟೈಮಿಂಗ್ ಬೆಲ್ಟ್ ಹಲ್ಲು ಹಾರಿದ್ರೂ ವ್ಯಾಕ್ಯೂಮ್ ಬೀಳುತ್ತೆ, ಆದ್ರೆ ಆಗ ಸ್ಪೀಡಲ್ಲೂ ಗಾಡಿ ಸತ್ತಂಗೆ ಎಳೀತಿತ್ತು. ಇಜಿಆರ್ ಬಿಚ್ಚಿ, ಟೆಸ್ಟಿಗೋಸ್ಕರ ಮಾತ್ರ ಮಧ್ಯೆ ತೆಳು ತಗಡು ಕೊಟ್ಟು ಮುಚ್ಚಿ ಸ್ಟಾರ್ಟ್ ಮಾಡಿ ನೋಡಿ.

ಡೀಸೆಲ್_ಡುಬ್ಬ:
ನನ್ನ ಡೀಸೆಲ್ಲಲ್ಲಿ ಐಡ್ಲಿಂಗಲ್ಲೂ 100 ತೋರಿಸುತ್ತೆ, ನಂದೂ ಇದೇನಾ?

ಕರಿ_ಗ್ರೀಸು:
ಅಲ್ಲ, ಟರ್ಬೋ ಡೀಸೆಲ್ಲಿಗೆ ಅದೇ ಸರಿ. ಪೆಟ್ರೋಲ್ ಥರ ಥ್ರಾಟಲ್ ಮುಚ್ಚಿ ಗಾಳಿ ತಡೆಯಲ್ಲ. ಆಕ್ಸಿಲರೇಟರ್ ಒತ್ತಿ ಲೋಡಲ್ಲಿ ಓಡಿಸ್ವಾಗ 100 ದಾಟಿ ಮೇಲೆ ಹೋಗುತ್ತಾ ಅಂತ ನೋಡಿ ಸಾಕು.

ನಾಲ್ಕುಚಕ್ರ:
ಗೇಜಲ್ಲಿ 10, 11ರ ಮಧ್ಯೆ ಬಂತು. ಇಜಿಆರ್ ಬಿಚ್ಚಿದ್ವಿ, ವಾಲ್ವ್ ಪೂರ್ತಿ ಕೂರ್ತಾನೇ ಇಲ್ಲ, ಮಧ್ಯೆ ಕಡ್ಲೆ ಗಾತ್ರದ ಮಸಿ ಗಟ್ಟಿ. ತಗಡು ಕೊಟ್ಟು ಸ್ಟಾರ್ಟ್ ಮಾಡಿದ್ರೆ ಐಡ್ಲಿಂಗ್ 37, ನಡುಕ ಇಲ್ಲ. ಈಗ ವಾಲ್ವ್ ಕ್ಲೀನ್ ಮಾಡಿ ತಗಡು ತೆಗೆದು ಹಾಕಿದೀವಿ, 38 ಇದೆ. ಟ್ರಿಮ್ ನಿಧಾನಕ್ಕೆ ಮೇಲೆ ಬರ್ತಿದೆ, ಮೈನಸ್ 6 ತನಕ ಬಂದಿದೆ. ಗ್ಯಾಸ್ಕೆಟ್ ಹಳೇದೇ ಹಾಕಿದೀನಿ, ಹೊಸದೇ ಹಾಕ್ಬೇಕಾ?

ಕರಿ_ಗ್ರೀಸು:
ಹಾಕಿ, ಹಳೇದು ಅಲ್ಲಿ ಬಿಸಿಗೆ ತಡೆಯಲ್ಲ.