ಪದಚರ್ಚೆ: ‘ಬಯಾಸ್’ಗೆ ಪಕ್ಷಪಾತ ಸಾಕೇ? ‘ವೇರಿಯಂಟ್’ಗೆ ಪಾಠಾಂತರ ಸಲ್ಲುವುದೇ?

ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರು ಓದುವ ಒಂದು ಕಿರುಪತ್ರಿಕೆಗಾಗಿ, ವಂಶವಾಹಿಗಳಲ್ಲಿನ ಹುಟ್ಟುವ್ಯತ್ಯಾಸಗಳನ್ನು ಹಿಡಿದು ರೋಗದ ಕಾರಣವನ್ನು ಪತ್ತೆಮಾಡುವ ಕ್ರಮದ ಬಗ್ಗೆ ಲೇಖನ ಬರೆಯಲು ಕುಳಿತಿದ್ದೇನೆ. ‘ಬಯಾಸ್ ಇಲ್ಲದೆ ಕಾರಣವನ್ನು ಊಹಿಸುವುದು’ ಎಂಬ ಮೊದಲ ವಾಕ್ಯದಲ್ಲೇ ಲೇಖನ ನಿಂತುಹೋಗಿದೆ.

ಬಯಾಸ್ ಎಂಬುದನ್ನು ನಾವು ‘ಪಕ್ಷಪಾತ’ ಅಥವಾ ‘ಪೂರ್ವಗ್ರಹ’ ಎಂದು ಬರೆಯುತ್ತ ಬಂದಿದ್ದೇವೆ. ಎರಡೂ ಮನುಷ್ಯನ ಮನಸ್ಸಿನ ಮೇಲೆ ದೋಷ ಹೊರಿಸುವ ಪದಗಳು. ಸಂಖ್ಯಾಶಾಸ್ತ್ರದವರು ಹೇಳುವ ಬಯಾಸಿಗೆ ಮನಸ್ಸೇ ಬೇಕಿಲ್ಲ. 1981ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ನಂಟಿದೆಯೆಂದು ಪ್ರಕಟಿಸಿದರು. ಹೋಲಿಕೆಗೆಂದು ಅವರು ತೆಗೆದುಕೊಂಡ ರೋಗಿಗಳಲ್ಲಿ ಹೊಟ್ಟೆ, ಕರುಳಿನ ಕಾಯಿಲೆಯವರು ಬಹಳ ಮಂದಿ ಇದ್ದರು. ಅಂಥವರು ಕಾಯಿಲೆಯ ದೆಸೆಯಿಂದಲೇ ಕಾಫಿಯನ್ನು ತಗ್ಗಿಸಿರುವುದು ಸಹಜವಾದ್ದರಿಂದ, ಅವರ ಪಕ್ಕದಲ್ಲಿ ನಿಲ್ಲಿಸಿದಾಗ ಕ್ಯಾನ್ಸರಿನವರು ವಿಪರೀತ ಕಾಫಿ ಕುಡಿದವರಂತೆ ಕಂಡರು. ಅನಂತರದ ಅಧ್ಯಯನಗಳಲ್ಲಿ ಆ ನಂಟು ಅಷ್ಟು ಬಲವಾಗಿ ನಿಲ್ಲಲಿಲ್ಲ. ಇಲ್ಲಿ ಯಾರೂ ಯಾರ ಪಕ್ಷವನ್ನೂ ವಹಿಸಿರಲಿಲ್ಲ, ಲೆಕ್ಕ ಮಾತ್ರ ಒಂದು ಕಡೆಗೆ ವಾಲಿತ್ತು. ಕಕ್ಕಡ ಮಾಸದ ಜೋರುಮಳೆಗೆ ಇಳಿಜಾರಿನ ಸಿಲ್ವರ್ ಓಕ್ ವಾಲಿದರೆ ಅದನ್ನು ಪಕ್ಷಪಾತಿ ಎನ್ನುತ್ತೇವೆಯೇ? ಆದ್ದರಿಂದ ಈ ಅರ್ಥದಲ್ಲಿ ‘ವಾಲಿಕೆ’ ಎಂದು ಬರೆಯುವುದು ಸರಿಯೆಂದು ನನ್ನ ಅಭಿಪ್ರಾಯ. ‘ಪಾತ’ವೆಂದರೂ ಬೀಳುವುದೇ ತಾನೇ, ಒಂದು ಮಗ್ಗುಲಿಗೆ ಬೀಳುವುದು ಪಕ್ಷಪಾತವೇ ಅಲ್ಲವೇ ಎಂದು ಸಂಸ್ಕೃತ ಬಲ್ಲವರು ಆಕ್ಷೇಪಿಸಬಹುದು. ವ್ಯುತ್ಪತ್ತಿಯ ಮಟ್ಟಿಗೆ ಅದು ನಿಜ; ಆದರೆ ಓದುಗರ ಕಿವಿಗೆ ಕೇಳುವುದು ವ್ಯುತ್ಪತ್ತಿಯಲ್ಲ, ಬೈಗುಳ.

‘ಜೆನೆಟಿಕ್ ವೇರಿಯಂಟ್’, ಅಂದರೆ ವಂಶವಾಹಿಯಲ್ಲಿನ ಹುಟ್ಟುವ್ಯತ್ಯಾಸ, ಇನ್ನೂ ತೊಡಕಿನದು. ‘ರೂಪಾಂತರಿ’ಯನ್ನು ಕೊರೋನಾ ವೈರಸ್ ತನ್ನದಾಗಿಸಿಕೊಂಡಿದೆ. ‘ತಳಿಭೇದ’ವೆಂದರೆ ಕೊಡಗಿನಲ್ಲಿ ಎಸ್. 795, ಚಂದ್ರಗಿರಿ ಎಂಬ ಕಾಫಿ ತಳಿಗಳು ನೆನಪಾಗುತ್ತವೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ಮಾತೆಂದೇ ನಮ್ಮ ಓದುಗರು ತಿಳಿದಾರು. ನನಗೆ ಹೊಳೆದದ್ದು ಹಸ್ತಪ್ರತಿಗಳ ವಿದ್ವಾಂಸರ ‘ಪಾಠಾಂತರ’. ಒಂದೇ ಕಾವ್ಯದ ಎರಡು ಓಲೆಪ್ರತಿಗಳಲ್ಲಿ ಒಂದು ಅಕ್ಷರ ಬೇರೆಯಾಗಿರುವಂತೆ, ಒಂದೇ ವಂಶವಾಹಿಯ ಬರಹದಲ್ಲಿ ಇಬ್ಬರು ಮನುಷ್ಯರಿಗೆ ಒಂದು ಅಕ್ಷರ ಬೇರೆಯಾಗಿರುತ್ತದೆ. ಕೆಲವೊಮ್ಮೆ ಅರ್ಥ ಕೆಡುವುದಿಲ್ಲ, ಕೆಲವೊಮ್ಮೆ ಪೂರ್ತಿ ಬದಲಾಗುತ್ತದೆ. ಯಾವುದು ಮೂಲ, ಯಾವುದು ತಪ್ಪು ಎಂಬ ತೀರ್ಪನ್ನೂ ಈ ಪದ ಮುಂಚಿತವಾಗಿ ಕೊಡುವುದಿಲ್ಲ. ‘ವಿಕೃತಿ’ಯಲ್ಲಿ ಆ ತೀರ್ಪು ಅಡಗಿದೆ.

ನಾನು ಬರೆಯಹೊರಟ ಕ್ರಮದ ಹೆಸರು ‘ಮೆಂಡೇಲಿಯನ್ ರ್‍ಯಾಂಡಮೈಸೇಶನ್’. ಈ ಹೆಸರು 1991ರಲ್ಲಿ, ಒಡಹುಟ್ಟಿದವರ ಅಸ್ಥಿಮಜ್ಜೆ ಕಸಿಗೆ ಹೊಂದುವುದೋ ಇಲ್ಲವೋ ಎಂಬುದೇ ರೋಗಿಗಳನ್ನು ಎರಡು ಗುಂಪಾಗಿಸುತ್ತದೆ ಎಂಬ ಅರ್ಥದಲ್ಲಿ ಬಂದು, 2003ರಲ್ಲಿ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ ಅವರ ಪ್ರಬಂಧದ ಅನಂತರ ಇಂದಿನ ಅರ್ಥದಲ್ಲಿ ನೆಲೆಯೂರಿತು. ಒಂದೊಂದು ವಂಶವಾಹಿಯಲ್ಲೂ ತಂದೆಯ ಎರಡು ಪ್ರತಿಗಳಲ್ಲಿ ಒಂದು, ತಾಯಿಯ ಎರಡರಲ್ಲಿ ಒಂದು ಮಗುವಿಗೆ ಬರುತ್ತದೆ. ಯಾವುದು ಬಂದೀತೆಂಬುದನ್ನು ಮಗು ಮುಂದೆ ಬೀಡಿ ಸೇದುವುದೋ, ಸ್ಥಿತಿವಂತವಾಗುವುದೋ ನಿರ್ಧರಿಸಲಾರದು. ಹೀಗೆ ಯಾರ ಇಷ್ಟಕ್ಕೂ ಸಿಗದೆ ಆಕಸ್ಮಿಕವಾಗಿ ಹಂಚಿಕೆಯಾಗುವುದಕ್ಕೆ ‘ಯಾದೃಚ್ಛಿಕೀಕರಣ’ ಎಂದು ಬರೆದು ಗಟ್ಟಿಯಾಗಿ ಓದಿದೆ. ಎರಡನೆಯ ಸಲ ನಾಲಿಗೆ ಒಪ್ಪಲಿಲ್ಲ. ‘ಚೀಟಿ ಎತ್ತುವುದು’ ಎಂದರೆ ಸಮಮತ ಬಂದ ಪಂಚಾಯಿತಿ ಚುನಾವಣೆಯನ್ನು ಕಂಡವರಿಗೆಲ್ಲ ತಿಳಿಯುತ್ತದೆ, ಆದರೆ ಚೀಟಿ ವ್ಯವಹಾರ ನಡೆಸುವವರಿಗೆ ಬೇರೆಯೇ ತಿಳಿಯುತ್ತದೆ. ಸದ್ಯಕ್ಕೆ ‘ಮೆಂಡೆಲನ ಚೀಟಿಯೆತ್ತಿಕೆ’ ಎಂದು ಬರೆದಿಟ್ಟಿದ್ದೇನೆ, ಅಷ್ಟೇನೂ ತೃಪ್ತಿಯಿಲ್ಲ.

ಇನ್ನು ‘ವಾಲಿಕೆಯಿಲ್ಲದೆ’ ಎಂಬ ಮಾತು. ಇಲ್ಲಿ ಪದಕ್ಕಿಂತ ಅರ್ಥದ ತಕರಾರು ದೊಡ್ಡದು. ಏಳನೆಯ ವರ್ಣತಂತುವಿನ ಎಎಚ್‌ಆರ್, ಹದಿನೈದನೆಯದರ ಸಿವೈಪಿ1ಎ2 ಎಂಬ ವಂಶವಾಹಿಗಳ ಹತ್ತಿರದ ಕೆಲವು ಪಾಠಾಂತರಗಳಿದ್ದವರು ಹೆಚ್ಚು ಕಾಫಿ ಕುಡಿಯುತ್ತಾರೆಂದು 2011ರಲ್ಲಿ ಗೊತ್ತಾಯಿತು. ಅವರನ್ನೂ ಉಳಿದವರನ್ನೂ ಹೋಲಿಸಿದರೆ ಕಾಫಿಯ ಪರಿಣಾಮ ತಿಳಿಯಬೇಕಲ್ಲವೇ? ಆದರೆ ಅವರು ಹೆಚ್ಚು ಕುಡಿಯುವುದು ಯಕೃತ್ತು ಕೆಫೀನನ್ನು ಬೇಗ ಒಡೆದುಹಾಕುವುದರಿಂದ. ಲೋಟಗಳು ಹೆಚ್ಚಿದರೂ ರಕ್ತದಲ್ಲಿ ಕೆಫೀನ್ ಕಡಿಮೆಯೇ ಇರುತ್ತದೆ. ಹಾಗಾದರೆ ನಾವು ಅಳೆದದ್ದು ಕಾಫಿಯನ್ನೋ, ಕೆಫೀನನ್ನೋ? ಒಂದೇ ಪಾಠಾಂತರ ಹಲವು ದಾರಿಗಳಲ್ಲಿ ದೇಹವನ್ನು ಮುಟ್ಟುವುದೂ ಉಂಟು. ಆದ್ದರಿಂದ ‘ವಾಲಿಕೆ ತಗ್ಗಿಸಿ’ ಎಂದಷ್ಟೇ ಬರೆಯಲು ನಿಶ್ಚಯಿಸಿದ್ದೇನೆ.

‘ಪಾಠಾಂತರ’ವನ್ನು ಜೀವವಿಜ್ಞಾನಕ್ಕೆ ಎಳೆದು ತರುವುದು ಗ್ರಂಥಸಂಪಾದನೆಯವರಿಗೆ ಒಪ್ಪಿಗೆಯೇ? ‘ವಾಲಿಕೆ’ಯಿಂದ ‘ವಾಲಿಕೆಯುಳ್ಳ’ ಎಂಬ ವಿಶೇಷಣ ಮಾಡಿದರೆ ಕನ್ನಡದ ಕಿವಿಗೆ ಒಡಕಾಗಿ ಕೇಳುತ್ತದೆಯೇ, ‘ವಾಲಿದ’ ಎಂಬಷ್ಟೇ ಸಾಕೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.