ಒಂದೇ ಅಡುಗೆಮನೆಯ ಊಟ, ಇಬ್ಬರ ರಕ್ತದಲ್ಲಿ ಬೇರೆ ಬೇರೆ ಡಿಎಚ್‌ಎ: ಲ್ಯಾಬಿನ ತಪ್ಪೇ?

ವಿದ್ಯಾನಗರದವ, ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ನನ್ನ ಹೆಂಡತಿಗೆ 37. ಇಬ್ಬರೂ ಹುಟ್ಟಿನಿಂದ ಸಸ್ಯಾಹಾರಿಗಳು. ಹದಿಮೂರು ವರ್ಷಗಳಿಂದ ಒಂದೇ ಒಲೆಯ ಮೇಲಿನ ಜೋಳದ ರೊಟ್ಟಿ, ಪಲ್ಯ, ಅಗಸಿ ಹಿಂಡಿ ಉಣ್ಣುತ್ತ ಬಂದವರು. ಹೋದ ತಿಂಗಳು ಇಬ್ಬರೂ ಕೆಂಪು ರಕ್ತಕಣಗಳ ಕೊಬ್ಬಿನಾಮ್ಲ ಪರೀಕ್ಷೆ ಮಾಡಿಸಿದೆವು. ಡಿಎಚ್‌ಎ (ಒಮೇಗಾ-3 ಗುಂಪಿನ ಒಂದು ಕೊಬ್ಬಿನಾಮ್ಲವಂತೆ) ಎಂಬ ಸಾಲಿನಲ್ಲಿ ಅವಳ ಪ್ರಮಾಣ ನನ್ನದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿದೆ. ಒಮೇಗಾ-3 ಒಳ್ಳೆಯದೆಂದು ಕೇಳಿ, ದಿನವೂ ಎರಡು ಚಮಚ ಹಿಂಡಿ ಹೆಚ್ಚಿಗೆ ಹಾಕಿಸಿಕೊಳ್ಳುವವನು ನಾನು. ಮಾದರಿಗಳು ಅದಲುಬದಲಾಗಿವೆಯೇ ಎಂದು ವಿಚಾರಿಸಿದ್ದಕ್ಕೆ ಕೌಂಟರಿನಲ್ಲಿದ್ದವರು ತಲೆಯನ್ನೂ ಎತ್ತಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಜೀವರಸಾಯನ ಕಲಿಸುವವಳು, ಧಾರವಾಡ:
ಸರ್, ಲ್ಯಾಬಿನವರನ್ನು ಸಂಶಯಿಸುವ ಮೊದಲು ನಿಮ್ಮ ದೇಹವನ್ನೇ ವಿಚಾರಿಸಬೇಕಾಗುತ್ತದೆ. ಅಗಸಿಯಲ್ಲಿ ಡಿಎಚ್‌ಎ ಇಲ್ಲ. ಅದರಲ್ಲಿರುವ ಒಮೇಗಾ-3 ಎಂದರೆ 18 ಇಂಗಾಲಗಳ ಆಲ್ಫಾ ಲಿನೋಲೆನಿಕ್ ಆಮ್ಲ; ಅದನ್ನು ಯಕೃತ್ತಿನ ಕಿಣ್ವಗಳು ಹಂತಹಂತವಾಗಿ ಉದ್ದಮಾಡಿ, ದ್ವಿಬಂಧಗಳನ್ನು ಸೇರಿಸುತ್ತ ಹೋದರೆ ಮೊದಲು ಇಪಿಎ ಎಂಬ ನಡುಹಂತದ ಕೊಬ್ಬಿನಾಮ್ಲ, ಕೊನೆಗೆ 22 ಇಂಗಾಲಗಳ ಡಿಎಚ್‌ಎ ಸಿದ್ಧವಾಗುತ್ತದೆ. ಈ ಕೆಲಸ ಹೆರುವ ವಯಸ್ಸಿನ ಹೆಂಗಸರಲ್ಲಿ ಹೆಚ್ಚು ಸಲೀಸಾಗಿ ನಡೆಯುತ್ತದೆ.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾರವಾದ ಇಂಗಾಲದ ಗುರುತು ಹಾಕಿದ ಆಲ್ಫಾ ಲಿನೋಲೆನಿಕ್ ಆಮ್ಲವನ್ನು ತಿನ್ನಿಸಿ, ಆ ಗುರುತು ರಕ್ತದಲ್ಲೆಲ್ಲಿ, ಉಸಿರಿನಲ್ಲೆಷ್ಟು ಎಂದು ಹಿಂಬಾಲಿಸಿದರು. ಯುವತಿಯರಲ್ಲಿ ಸುಮಾರು ಶೇ 21ರಷ್ಟು ಇಪಿಎ ಆಗಿಯೂ ಶೇ 9ರಷ್ಟು ಡಿಎಚ್‌ಎ ಆಗಿಯೂ ಮಾರ್ಪಟ್ಟಿತ್ತು. ಯುವಕರಲ್ಲಿ ಇಪಿಎ ಸುಮಾರು ಶೇ 8, ಡಿಎಚ್‌ಎಯಂತೂ ಅಳತೆಗೇ ಸಿಗಲಿಲ್ಲ. ಗಂಡಸರು ಹೆಂಗಸರಿಗಿಂತ ಹೆಚ್ಚು ಪಾಲನ್ನು ಉರಿಸಿ ಉಸಿರಿನಲ್ಲಿ ಹೊರಬಿಟ್ಟಿದ್ದರು. ನಿಮ್ಮ ಆ ಎರಡು ಚಮಚ ಹೋದ ದಾರಿಯೂ ಬಹುಶಃ ಅದೇ.

ಕಾರಣ ಈಸ್ಟ್ರೋಜೆನ್ ಎಂಬ ಹೆಣ್ಣಿನ ಹಾರ್ಮೋನು. ನೆದರ್ಲೆಂಡ್ಸ್‌ನಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಆಹಾರ ಉಂಡ ಗಂಡಸರಿಗಿಂತ ಹೆಂಗಸರಲ್ಲಿ ಡಿಎಚ್‌ಎ ಹೆಚ್ಚಿತ್ತು. ಈಸ್ಟ್ರೋಜೆನ್ ಪಡೆದವರಲ್ಲಿ ಅದು ಏರಿತು, ಗಂಡಿನ ಹಾರ್ಮೋನಾದ ಟೆಸ್ಟೋಸ್ಟೆರಾನ್ ಪಡೆದವರಲ್ಲಿ ಇಳಿಯಿತು. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಕೂಸಿನ ಮಿದುಳಿಗೆ, ಆಮೇಲೆ ಎದೆಹಾಲಿಗೆ ಡಿಎಚ್‌ಎ ಬೇಕಾಗುವುದರಿಂದ ಈ ಏರ್ಪಾಡು ಅರ್ಥವಾಗುವಂಥದ್ದೇ.

ಗಾಣದ ಮನೆಯವರು, ಗದಗ:
ಮೇಡಂ ಅವರು ಹೇಳಿದ್ದು ಸರಿ. ಆದರೆ ಸರ್, ನಿಮ್ಮ ಮನೆಯಲ್ಲಿ ಒಗ್ಗರಣೆಗೆ ಯಾವ ಎಣ್ಣೆ ಬಳಸುತ್ತೀರಿ ಎಂಬುದನ್ನು ತಿಳಿಸಲಿಲ್ಲ. ನಾವು ಮೂರು ತಲೆಮಾರಿನಿಂದ ಕುಸುಬಿ ಹಿಂಡಿಸುವವರು, ಅದರ ನಿಂದೆ ಮಾಡುವುದು ನನ್ನ ಉದ್ದೇಶವಲ್ಲ. ಆದರೂ ಕುಸುಬಿ ಎಣ್ಣೆಯ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ, ಅಂದರೆ ಒಮೇಗಾ-6. ಅದೂ ಅಗಸಿಯ ಆಮ್ಲವೂ ಒಂದೇ ಕಿಣ್ವಕ್ಕಾಗಿ ಪೈಪೋಟಿ ನಡೆಸುತ್ತವೆ. ಶೇಂಗಾ ಎಣ್ಣೆಯಲ್ಲಿ ಆ ಪಾಲು ಕಡಿಮೆ. ಇನ್ನೊಂದು ಮಾತು: ಅಗಸಿಯನ್ನು ಚಟಪಟ ಎನ್ನುವವರೆಗೆ ಹದವಾಗಿ ಹುರಿದು, ಬಳ್ಳೊಳ್ಳಿ, ಒಣಮೆಣಸಿನಕಾಯಿ, ಜೀರಿಗೆ ಸೇರಿಸಿ ಕುಟ್ಟಬೇಕು. ಇಡಿಯ ಕಾಳು ಹೊಟ್ಟೆಗೆ ಹೋದರೆ ಇಡಿಯಾಗಿಯೇ ಹೊರಬೀಳುತ್ತದೆ. ಕುಟ್ಟಿದ ಹಿಂಡಿಯನ್ನು ತಿಂಗಳುಗಟ್ಟಲೆ ಇಟ್ಟು ಕಮಟು ವಾಸನೆ ಬರಿಸುವವರನ್ನೂ ನಾನು ಕಂಡಿದ್ದೇನೆ.

ವರದಾ ತೀರದ ವೈದ್ಯ, ಹಾವೇರಿ:
ಅಧ್ಯಾಪಕಿಯವರ ವಿವರಣೆಗೆ ಒಂದು ಎಚ್ಚರಿಕೆಯನ್ನು ಸೇರಿಸಬಯಸುತ್ತೇನೆ. ಆ ಶೇ 9 ಎಂಬ ಸಂಖ್ಯೆ ಬೆರಳೆಣಿಕೆಯ ಯುವತಿಯರಿಂದ ಬಂದದ್ದು. ಅದನ್ನು ನೆಚ್ಚಿಕೊಂಡು “ಬಸುರಿಗೆ ಅಗಸಿಯೇ ಸಾಕು” ಎಂದು ಹೇಳಲಾಗದು. ಸಸ್ಯಾಹಾರಿಗಳಲ್ಲಿ ಡಿಎಚ್‌ಎ ಒಟ್ಟಾರೆ ಕಡಿಮೆಯೇ ಇರುತ್ತದೆ. ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಡಿಎಚ್‌ಎ ಬೇಕೆಂಬುದು ಸಾಮಾನ್ಯ ಶಿಫಾರಸು. ಮೀನು ತಿನ್ನದವರಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಸಿಗುತ್ತದೆ. ಮೀನಿಗೂ ಅದು ಮೂಲತಃ ಸೂಕ್ಷ್ಮ ಪಾಚಿಯಿಂದಲೇ ಬರುತ್ತದೆ.

ಹೆಂಗಸರ ಸೊಂಟ, ತೊಡೆಗಳ ಕೊಬ್ಬಿನಲ್ಲಿಯೂ ಡಿಎಚ್‌ಎಯ ದಾಸ್ತಾನಿದ್ದು, ಹಾಲೂಡಿಸುವ ಕಾಲದಲ್ಲಿ ಅದು ಕರಗಿ ಬಳಕೆಯಾಗುತ್ತದೆ. ಮುಟ್ಟು ನಿಂತು ಈಸ್ಟ್ರೋಜೆನ್ ಇಳಿದ ಮೇಲೆ ಕೊಬ್ಬು ಗಂಡಸರಂತೆ ಹೊಟ್ಟೆಯ ಕಡೆಗೆ ಸೇರತೊಡಗುವುದನ್ನು ನಾವು ದಿನವೂ ನೋಡುತ್ತೇವೆ.

ನಿಮ್ಮ ವರದಿ ಹೆಂಡತಿಯದಕ್ಕಿಂತ ಕಡಿಮೆಯಿದೆ ಎಂಬುದೇ ಕಾಯಿಲೆಯಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆದ್ದರಿಂದ ಊಟದಲ್ಲಿ ಏನನ್ನು ಬದಲಿಸಿದರೂ ನಾಲ್ಕು ತಿಂಗಳಿಗಿಂತ ಮೊದಲು ಮತ್ತೆ ಪರೀಕ್ಷೆ ಮಾಡಿಸಿ ಹಣ ಕಳೆಯಬೇಡಿ.

ವಿದ್ಯಾನಗರದವ, ಹುಬ್ಬಳ್ಳಿ:
ಮೂವರಿಗೂ ಧನ್ಯವಾದಗಳು. ನಮ್ಮ ಮನೆಯ ಎಣ್ಣೆ ಕುಸುಬಿಯೇ. ಈ ಡಬ್ಬಿ ಮುಗಿದ ಮೇಲೆ ಶೇಂಗಾ ಎಣ್ಣೆ ತರುತ್ತೇನೆ. ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿದೆ. “ಹಂಗಾದ್ರ ಆ ಎರಡು ಚಮಚ ಹಿಂಡಿ ಇನ್ನ ನನ್ನ ತಾಟಿಗೆ” ಎಂದಳು.